ಚಿಕ್ಕಪ್ಪನ ವ್ಯಾನಿನ ಬಾನೆಟ್

ಕಳೆದ ಕಾರ್ತಿಕ ಮಾಸದ ಒಂದು ಭಾನುವಾರ ಮತ್ತು ಅದರ ಮರುದಿನ ನಡೆದದ್ದು. ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಬಿಚ್ಚಿದ್ದನ್ನು ಮತ್ತೆ ಕೂಡಿಸುವಾಗಲೆಲ್ಲ ಇಂಥದ್ದೇನಾದರೂ ಆಗುತ್ತಲೇ ಇರುತ್ತದೆ.

ಸೋಮವಾರ ಹುಲಿಯೂರುದುರ್ಗದಿಂದ ಗಂಡಿನ ಕಡೆಯವರು ಚಿಕ್ಕಪ್ಪನ ಮಗಳನ್ನು, ಅಂದರೆ ನನ್ನ ಅಕ್ಕನನ್ನು, ನೋಡಲು ಬರುವವರಿದ್ದರು. “ಬಸ್ಸು ಗಿಸ್ಸು ಬೇಡ, ನಮ್ಮ ವ್ಯಾನೇ ಬರುತ್ತೆ” ಎಂದು ಚಿಕ್ಕಪ್ಪ ಮಾತು ಕೊಟ್ಟಿದ್ದರು. ಶನಿವಾರ ಆ ವ್ಯಾನಿನ ಬಾನೆಟ್ ಮೇಲೆ ತೆಂಗಿನಕಾಯಿ ಬಿದ್ದು ದೊಡ್ಡ ತಗ್ಗಾಯಿತು.

ಬಸ್ಸಿನಲ್ಲಿ

ಪರಿಚಯದ ಟಿಂಕರಿಂಗ್ ಅಂಗಡಿ ಗುಬ್ಬಿಯಲ್ಲಿತ್ತು. “ವ್ಯಾನೇ ತಗೊಂಡು ಹೋಗೋಣ” ಅಂದೆ.

“ಬ್ಯಾಡ ಕಣೋ. ವ್ಯಾನ್ ನೋಡಿದ್ರೆ ಅವ್ನು ಇನ್ನೂ ನಾಕು ರಿಪೇರಿ ತೋರಿಸ್ತಾನೆ.”

ಬಾನೆಟ್ ಒಂದನ್ನೇ ಬಿಚ್ಚಿ, ಆ ತುದಿ ಚಿಕ್ಕಪ್ಪ ಈ ತುದಿ ನಾನು ಹಿಡಿದು ಬಸ್ ಹತ್ತಿದೆವು. ಕಂಡಕ್ಟರ್ ಬಾನೆಟ್ ನೋಡಿದರು, ನಮ್ಮನ್ನು ನೋಡಿದರು.

“ಮಿಕ್ಕಿದ್ದು ಹಿಂದಿನ ಬಸ್ಸಲ್ಲಿ ಬರ್ತೈತಾ?”

ಸೀಮೆಸುಣ್ಣ

ಬಿಚ್ಚುವ ಮೊದಲು ನಾನು ಬಾನೆಟ್‌ನ ಒಳಬದಿಯಲ್ಲಿ, ಕೀಲುಗಳು ಕೂರುವ ಜಾಗದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದಿದ್ದೆ. ಅದೇ ಗೆರೆಗೆ ಕೂಡಿಸಿದರೆ ಸೊಟ್ಟಗಾಗುವುದಿಲ್ಲ. ತಗ್ಗು ತೆಗೆಸಿಕೊಂಡು ಗುಬ್ಬಿಯಿಂದ ಬಂದು ಬಾನೆಟ್ಟನ್ನು ಜಗಲಿ ಮೇಲೆ ಮಗುಚಿಟ್ಟು ಕಾಫಿ ಕುಡಿಯಲು ಒಳಗೆ ಹೋದೆ. ಹೊರಗೆ ಬಂದಾಗ ಅಜ್ಜಿ ಒದ್ದೆ ಬಟ್ಟೆ ಹಿಂಡುತ್ತಿದ್ದರು.

“ಯಾರ್ಲಾ ವಿಭೂತಿ ಹಿಂಗೆ ಗೀಚಿದ್ದು? ನಾಳೆ ಕಾರ್ತಿಕ ಸೋಮವಾರ. ಒರೆಸಿ ನೆಟ್ಟಗೆ ಎಳ್ದಿದೀನಿ.”

“ಅಜ್ಜಿ, ಅದು ಗುರುತು!”

“ಗುರುತು ತಾನೇ? ಮೂರೈತಲ್ಲ, ನೋಡ್ಕೊ.”

ರಾಹುಕಾಲ

ಸೋಮವಾರ ಬೆಳಿಗ್ಗೆ ಅಂದಾಜಿನ ಮೇಲೆ ಕೂಡಿಸಿದೆವು. ಎರಡು ಸಲ ಸೊಟ್ಟಗೆ ಕೂತು, ಮೂರನೇ ಸಲ ಸರಿಹೋಯಿತು. ಚಿಕ್ಕಪ್ಪ ಗಡಿಯಾರ ನೋಡಿದರು.

“ಏಳೂವರೆಗೆ ರಾಹುಕಾಲ. ಅಷ್ಟರಲ್ಲಿ ಮುಚ್ಚಿಬಿಡೋಣ.”

ಗ್ರೀಸ್ ಹಚ್ಚಲು ಅವರೇ ಲಾಕಿನ ಕೇಬಲ್ ಕಳಚಿದ್ದರು. “ಚಿಕ್ಕಪ್ಪಾ, ಕೇಬಲ್ ಇನ್ನೂ ಸಿಕ್ಕಿಸಿಲ್ಲ” ಅಂದೆ.

“ಆಮೇಲ್ ಸಿಕ್ಕಿಸಿದ್ರಾಯ್ತು ಬುಡೋ.”

ಧಡ್. ಏಳು ಇಪ್ಪತ್ತೊಂಬತ್ತು. ಬಾನೆಟ್ ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಕೂತಿತು. ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ಚಿಕ್ಕಪ್ಪ ಕೀಲಿ ತಿರುಗಿಸಿದರು. ಸದ್ದಿಲ್ಲ. ಬ್ಯಾಟರಿ ನಡುಮನೆಯಲ್ಲಿ ಚಾರ್ಜ್ ಆಗುತ್ತಿತ್ತು. ಬ್ಯಾಟರಿ ಇಡಲು ಬಾನೆಟ್ ತೆಗೆಯಬೇಕು. ಬಾನೆಟ್ ತೆಗೆಯಲು ಕೇಬಲ್ ಬೇಕು. ಕೇಬಲ್ ಸಿಕ್ಕಿಸಲು ಬಾನೆಟ್ ತೆಗೆಯಬೇಕು.

ಚಿಕ್ಕಮ್ಮ ತಲೆ ಚಚ್ಚಿಕೊಂಡರು. “ಮಾತು ಕೊಟ್ಟು ವ್ಯಾನ್ ಕಳಿಸ್ದೇ ಇದ್ರೆ, ಹೆಣ್ಣು ಕೊಡೋಕೆ ಇಷ್ಟ ಇಲ್ಲ ಅಂದ್ಕೊತಾರೆ ಕಣ್ರೀ!”

ಚಿಕ್ಕಪ್ಪ ಫೋನಿನಲ್ಲಿ ನಿಜವನ್ನೇ ಹೇಳಿದರು. ಗಂಡಿನ ಕಡೆಯವರು ಕುಣಿಗಲ್‌ನಲ್ಲಿ ಬಸ್ ಬದಲಿಸಿ ಮಧ್ಯಾಹ್ನ ಬಂದರು. ಬಂದವರು ಒಳಗೆ ಹಾಸಿದ್ದ ಜಮಖಾನದ ಕಡೆ ಹೋಗದೆ ನೇರ ವ್ಯಾನಿನ ಸುತ್ತ ನಿಂತರು. ಹುಡುಗ ಅಂಗಿಯ ತೋಳು ಮಡಚಿ, ಮುಂದಿನ ಜಾಲರಿಯೊಳಗೆ ಉದ್ದನೆಯ ಸ್ಕ್ರೂಡ್ರೈವರ್ ತೂರಿಸಿ ಲಾಕ್ ತಡಕುತ್ತ, “ಟಾರ್ಚ್ ಇದ್ಯಾ?” ಎಂದ. ರೇಷ್ಮೆ ಸೀರೆಯಲ್ಲಿದ್ದ ಅಕ್ಕ ತಾನೇ ಬಂದು ಟಾರ್ಚ್ ಹಿಡಿದಳು.

“ಸ್ವಲ್ಪ ಎಡಕ್ಕೆ.”

“ನಿಮ್ಮ ಎಡಕ್ಕಾ, ನನ್ನ ಎಡಕ್ಕಾ?”

“ಹೆಂಗಾದ್ರೂ ಸರಿ.”

ಬಾನೆಟ್ ತೆರೆಯಿತು. ಸಂಜೆಯೊಳಗೆ ಸಂಬಂಧವೂ ಕುದುರಿತು.

ಬಂದಿದ್ದವರು ಹನ್ನೊಂದು ಜನ. ಹುಡುಗಿಯನ್ನು ನೋಡಿದವನು ಹುಡುಗ ಒಬ್ಬ. ಬಾನೆಟ್ ನೋಡಿದವರು ಹತ್ತು.