ಇಟ್ಟಿಗೆ ಆಟದ ಸ್ಕೋರು

ಶಿರಸಿ ಬಸ್‌ಸ್ಟ್ಯಾಂಡಿನ ಎದುರು ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡವನು ನಗಲಿಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ, ಗಿರಾಕಿಗಳೇ ತಂದುಕೊಡುತ್ತಾರೆ. ತೊಂಬತ್ತರ ದಶಕದ ಕೊನೆಗೆ ಅಂಗೈಯಗಲದ ಬ್ರಿಕ್ ಗೇಮ್ ಬಂತು. ಮೇಲಿಂದ ಬೀಳುವ ಇಟ್ಟಿಗೆ ಜೋಡಿಸಬೇಕು. ಸಾಲು ತುಂಬಿದರೆ ಮಾಯ, ಸ್ಕೋರು ಏರುತ್ತದೆ. ಕೊಂಡದ್ದು ಮಕ್ಕಳಿಗೆ. ರಿಪೇರಿಗೆ ಹಿಡಿದು ಬರುತ್ತಿದ್ದವರೆಲ್ಲ ಮೀಸೆ ನೆರೆತವರು.

ಸರ್ಟಿಫಿಕೇಟು

ಕಾನಸೂರು ಕಡೆಯ ನಿವೃತ್ತ ಮಾಸ್ತರೊಬ್ಬರು ಸೆಲ್ ಬದಲಿಸಲು ಬಂದರು. ಮುಚ್ಚಳ ತೆಗೆಯುವಷ್ಟರಲ್ಲಿ ನನ್ನ ಕೈ ಹಿಡಿದರು.

"ಸೆಲ್ ತೆಗೆದ್ರೆ ಸ್ಕೋರು ಹೋಗ್ತಲ, ಎಂತ ಮಾಡವು?"

"ಹೋಗುತ್ತದೆ, ಏನೂ ಮಾಡಲಿಕ್ಕಾಗುವುದಿಲ್ಲ."

ಮುಖ ಸಣ್ಣದಾಯಿತು. ನಲವತ್ತೆಂಟು ಸಾವಿರದ ಮುನ್ನೂರು! ಎರಡು ತಿಂಗಳ ದುಡಿಮೆಯಂತೆ. ಪಾಪ ಅನ್ನಿಸಿ, ಅಂಗಡಿಯ ರಸೀದಿಯ ಮೇಲೆ 'ಸೆಲ್ ತೆಗೆಯುವ ಮುಂಚೆ ಸ್ಕೋರು 48,300 ಇತ್ತು' ಎಂದು ಬರೆದು ಸೀಲು ಒತ್ತಿಕೊಟ್ಟೆ. ಮಾಸ್ತರು ಕನ್ನಡಕ ಏರಿಸಿ ಓದಿ, ವಾಪಸು ಚಾಚಿದರು.

"ಅಕ್ಷರದಲ್ಲೂ ಬರೀರಿ. ನಾಳೆ ಯಾರಾದ್ರೂ ತಿದ್ದಿದ್ರೆ?"

ಸುಲಭದ ಪರೀಕ್ಷೆ

ಯಲ್ಲಾಪುರ ಬಸ್ಸಿನ ಕಂಡಕ್ಟರಿಗೂ ಇದೇ ಹುಚ್ಚು. ಒಮ್ಮೆ ಅಂಗಡಿಯಲ್ಲಿ ಅವನೂ ಮಾಸ್ತರೂ ಎದುರಾದರು.

"ನಂದು ಐವತ್ತೆರಡು ಸಾವಿರ ಐತ್ರಿ, ನೋಡ್ರಿ," ಎಂದ ಕಂಡಕ್ಟರು.

ಮಾಸ್ತರು ಅವನ ಯಂತ್ರವನ್ನು ಇಸಕೊಂಡು, ನಾಲ್ಕು ಸಾಲು ತುಂಬಿಸಿ ಪರೀಕ್ಷಿಸಿದರು. "ನಿಮ್ಮದರಲ್ಲಿ ಸಾಲಿಗೆ ಇನ್ನೂರು ಕೊಡ್ತದೆ, ನನ್ನದರಲ್ಲಿ ನೂರೇ. ಅರ್ಧಕ್ಕರ್ಧ ಕಳೀಬೇಕು."

"ಅಲ್ರೀ ಮಾಸ್ತರ, ಪೇಪರ್ ಸುಲಭ ಬಂದಿತ್ತಂತ ಪಾಸಾದವರನ್ನ ಫೇಲ್ ಮಾಡ್ತಿದ್ರೇನ್ರಿ ನೀವು?"

ಮಾಸ್ತರು ಸ್ವಲ್ಪ ಯೋಚಿಸಿ, "ಮಾಡಲೆ ಮನಸ್ಸಿತ್ತು," ಎಂದರು.

ಒಂದೇ ಯಂತ್ರ

ಕೊನೆಗೆ ನನ್ನ ಅಂಗಡಿಯ ಯಂತ್ರದಲ್ಲೇ ಇಬ್ಬರೂ ಆಡಿ ತೀರ್ಮಾನಿಸುವುದೆಂದಾಯಿತು. ಯಲ್ಲಾಪುರ ಬಸ್ಸು ನಿಲ್ಲುವ ಹತ್ತು ನಿಮಿಷದಲ್ಲಿ ಆಟ. ಮಾಸ್ತರು ಮೊದಲೇ ಬಂದು ಆಡಿ, ಹನ್ನೊಂದು ಸಾವಿರದ ಒಂಬೈನೂರಕ್ಕೆ ಔಟಾಗಿ, ಬೆವರೊರೆಸಿಕೊಳ್ಳುತ್ತ ಕೂತಿದ್ದರು. ಕಂಡಕ್ಟರು ಶುರುಮಾಡಿದ.

ಹತ್ತು ನಿಮಿಷ ಹೋಗಿ ಇಪ್ಪತ್ತಾಯಿತು. ಬಸ್ಸಿನ ಹಾರ್ನು ಕೂಗಿ ಕೂಗಿ ಸುಮ್ಮನಾಯಿತು. ಡ್ರೈವರು ಕೆಂಡವಾಗಿ ಬಂದವನು ಬೈಯಲು ಬಾಯಿ ತೆರೆದು, ಪರದೆ ನೋಡಿ, "ಏ, ಆ ಉದ್ದಂದು ಎಡಕ್ಕ ಹಾಕೋ!" ಎಂದು ಅಲ್ಲೇ ನಿಂತುಬಿಟ್ಟ. ಮಾಸ್ತರು ಬಗ್ಗಿ ಏರುವ ಸ್ಕೋರು ಓದುತ್ತಿದ್ದರು.

ಅಷ್ಟರಲ್ಲಿ ಬಸ್ಸಿನಲ್ಲಿ ಕಾದು ಬೇಸತ್ತ ಅಜ್ಜಿಯೊಬ್ಬಳು ಕೈಚೀಲ ಸಮೇತ ಇಳಿದು ಬಂದು, ಕಂಡಕ್ಟರನ ತೋಳು ಮುಟ್ಟಿದಳು. "ತಮಾ, ಯಲ್ಲಾಪುರಕ್ಕೆ ಎಷ್ಟು?"

ಅದೇ ಕ್ಷಣ ಒಂದು ಸಾಲು ಮಾಯವಾಯಿತು. ಕಂಡಕ್ಟರು ಕತ್ತೆತ್ತದೆ ಕಿರುಚಿದ: "ಹನ್ನೆರಡು ಸಾವಿರ!"

ಅಜ್ಜಿ ಅವನನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ ಚೀಲ ಹೆಗಲಿಗೇರಿಸಿದಳು.

"ಹಂಗಾರೆ ಆನು ನಡ್ಕಂಡೇ ಹೋಗ್ತೆ."