ಮಂಗಲ ಕಾರ್ಯಾಲಯದ ಛಾವಣಿ ಅಮೆರಿಕಕ್ಕೆ ಹೋದ ಬಗ್ಗೆ

ನಾಸಿಕದ ಗಡಿನಾಡ ಬಂಧು ಸಂಘದ ಮಂಗಲ ಕಾರ್ಯಾಲಯಕ್ಕೆ, ಎಂದರೆ ಮದುವೆ ಮಂಟಪಕ್ಕೆ, ನಾಲ್ಕು ಗೋಡೆಗಳಿವೆ. ಛಾವಣಿಯ ಹಣವನ್ನು ಸರ್ವಾನುಮತದ ನಿರ್ಣಯದಂತೆ ಬಾಹ್ಯಾಕಾಶದಲ್ಲಿ ತೊಡಗಿಸಲಾಗಿದೆ.

ಇದಕ್ಕೆ ಪ್ರೇರಣೆ ನಮ್ಮ ಛತ್ರಪತಿ ಸಂಭಾಜಿನಗರ ಶಾಖೆ. ಅವರ ಕಾರ್ಯಾಲಯಕ್ಕೆ ಆಗಲೇ ತಗಡು ಹಾಕಿ, ಕೆಳಗೆ ಫ್ಯಾನುಗಳನ್ನೂ ತಿರುಗಿಸಿದ್ದರು.

"ಅವರ ಬಲ್ಲಿ ಛತ್ತು ಅದ, ನಮ್ಮ ಬಲ್ಲಿ ರಾಕೆಟ್ ಇರ್ಲಿ," ಎಂದು ಅಧ್ಯಕ್ಷರೂ ತಗಡಿನ ವ್ಯಾಪಾರಿಗಳೂ ಆದ ಮನ್ಮಥಪ್ಪ ಕಾಕಾ ಸೂಚಿಸಿದರು. ಅಮೆರಿಕದ ಪೇಟೆಯಲ್ಲಿ ಶೇರು ಬಿಟ್ಟಿರುವ ರಾಕೆಟ್ ಕಂಪನಿಯೊಂದರ ವಿಡಿಯೊ ಅವರ ಫೋನಿಗೆ ಬಂದಿತ್ತು; ರಾಕೆಟ್ ಏರಿದರೆ ಶೇರೂ ಏರುತ್ತದಂತೆ. "ದೀಪಾವಳಿಗಿ ತಗಡ್ಯಾಕ, ಸ್ಲ್ಯಾಬೇ ಹಾಕಮು!"

ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳೆಂದು ನನ್ನನ್ನು ಅಂತರಿಕ್ಷ ಕಾರ್ಯದರ್ಶಿಯಾಗಿ ನೇಮಿಸಲಾಯಿತು. "ಏನಂತಿ ಭುವನೇಶ್ವರಿ?" ಎಂದರು ಕಾಕಾ. ಶೇರಿನ ಬಗ್ಗೆ ನನಗೆ ಏನೂ ತಿಳಿಯದು. ಸಭೆಯಲ್ಲಿ ಬಾಯಿ ತೆರೆಯಲಂತೂ ಬಾರದು. ತಲೆಯಾಡಿಸಿದೆ. ನಡಾವಳಿಯಲ್ಲಿ ಅದು 'ತಜ್ಞರ ಅಭಿಪ್ರಾಯ' ಎಂದು ದಾಖಲಾಯಿತು.

ಆಕ್ಷೇಪಣೆ ಬಂದದ್ದು ಒಂದೇ, ಚಿಕ್ಕಮ್ಮನ ವರಸೆಯ ಕಾಶಿಬಾಯಿ ಕಾಕು ಅವರದು. ಅವರ ಮಗಳು ಜಗದೇವಿಯ ಲಗ್ನ ಜೂನ್ ಕೊನೆಗೆ ಅದೇ ಕಾರ್ಯಾಲಯದಲ್ಲಿ ನಿಗದಿಯಾಗಿತ್ತು. ಬೀಗರು ಸಂಭಾಜಿನಗರ ಶಾಖೆಯ ಅಧ್ಯಕ್ಷರೇ. ಮಾತಿಗೊಮ್ಮೆ "ನಮ್ಮ ಕಡಿ ಛತ್ತು ಅದರಿ" ಎನ್ನುವವರು.

"ಮಳಿ ಬಂದ್ರ ನನ್ನ ಮಗಳ ಮರ್ಯಾದಿ ಏನ್ರಿ ಅಣ್ಣಾರ?"

"ಮಳಿ ಬರೂದ್ರೊಳಗ ರಾಕೆಟ್ ಮ್ಯಾಲ ಹೋಗಿರ್ತದ ತಂಗಿ."

ಆಕ್ಷೇಪಣೆಯನ್ನು ವಿಲೇವಾರಿ ಮಾಡಲಾಯಿತು.

ಉಡಾವಣೆ ಒಮ್ಮೆ ಗಾಳಿಯಿಂದಾಗಿ, ಇನ್ನೊಮ್ಮೆ ಯಾವುದೋ ವಾಲ್ವಿನಿಂದಾಗಿ ಮುಂದಕ್ಕೆ ಹೋಯಿತು. ನಮ್ಮಲ್ಲಿ ಯಾರೂ ಗಾಬರಿಯಾಗಲಿಲ್ಲ; ಸಂಘದ ಯಾವ ಕಾರ್ಯಕ್ರಮವೂ ಹೇಳಿದ ಹೊತ್ತಿಗೆ ಶುರುವಾದದ್ದಿಲ್ಲ. ಕಡೆಗೂ, ಸಂಘದವರೆಲ್ಲ ಟಿವಿಯ ಮುಂದೆ ಕೂತಿರುವಾಗ, ಅದು ಏರಿತು. ಕಾಕಾ ಕಾಯಿ ಒಡೆದರು. ಅಷ್ಟರಲ್ಲಿ ಟಿವಿಯ ತುಂಬ ಬೆಳಕಾಗಿ, ಆಮೇಲೆ ಹೊಗೆಯಾಯಿತು. ಕಂಪನಿಯ ಪ್ರಕಟಣೆಯನ್ನು ನಾನು ಎದ್ದು ನಿಂತು, ನೆಲ ನೋಡುತ್ತ ಕನ್ನಡಿಸಿದೆ: "ರಾಕೆಟ್ಟು ಯೋಜಿತ ಸಮಯಕ್ಕಿಂತ ಮುಂಚೆಯೇ ಬಿಡಿಭಾಗಗಳಾಗಿದ್ದು, ಅಮೂಲ್ಯವಾದ ಮಾಹಿತಿ ದೊರೆತಿದೆ."

"ಸಿಡೀತೇನವ್ವಾ?" ಕಾಕು ಕೇಳಿದರು.

"ಸಿಡೀತು ಅಂತ ಬರ್ದಿಲ್ರಿ ಕಾಕು."

ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಜೆಯೊಳಗೆ ನಮ್ಮ ಶೇರುಗಳ ಬೆಲೆಯಲ್ಲಿ ಒಂದು ಮೂಲೆಗೂ ತಗಡು ಬರುವಂತಿರಲಿಲ್ಲ. ಇದನ್ನು 'ದೀರ್ಘಾವಧಿ ಹೂಡಿಕೆ' ಎಂದು ಬರೆದುಕೊಳ್ಳಲಾಯಿತು.

ಲಗ್ನದ ದಿನ ಅಕ್ಷತೆ ಹಾಕುವ ಹೊತ್ತಿಗೇ ಮಳೆ ಹಿಡಿಯಿತು. ಜಗದೇವಿಯ ಬಾಸಿಂಗದ ಬಣ್ಣ ಕೆನ್ನೆಗೆ ಇಳಿಯತೊಡಗಿತು. ಬೀಗರು ಊಟದ ತಾಟನ್ನು ತಲೆಯ ಮೇಲೆ ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ ಅಂದರು:

"ಬೀಗತ್ಯಾರ, ನಿಮ್ಮ ಛತ್ತು ಎಲ್ಲಿ ಅದರಿ?"

ವಾಲಗ ನಿಂತಿತು. ಕಾಶಿಬಾಯಿ ಕಾಕು ಮಗಳನ್ನು ನೋಡಿದರು, ನನ್ನನ್ನು ನೋಡಿದರು, ಸೆರಗು ಹಿಂಡಿಕೊಂಡು, ತಲೆ ಎತ್ತಿ ಹೇಳಿದರು:

"ನಮ್ದು ಅಮೆರಿಕಾದಾಗ ಅದರಿ."

ಬೀಗರು ತಾಟು ಕೆಳಗಿಳಿಸಿದರು. ಸ್ವಲ್ಪ ಹೊತ್ತು ನೆನೆದರು. ನಂತರ ನನ್ನ ಬಳಿ ಬಂದು ಮೆಲ್ಲಗೆ, "ತಂಗಿ, ಅದು ಯಾವ ಆ್ಯಪಿನಾಗ ಸಿಗ್ತದ?" ಎಂದು ವಿಚಾರಿಸಿದರು.

ಮುಂದಿನ ವಾರವೇ ಸಂಭಾಜಿನಗರ ಶಾಖೆ ತನ್ನ ಛಾವಣಿ ಬಿಚ್ಚಿ ಮಾರಿ, ಬಂದ ಹಣವನ್ನು ಅದೇ ಕಂಪನಿಯಲ್ಲಿ ತೊಡಗಿಸಿತು. ಆ ತಗಡನ್ನು ಮನ್ಮಥಪ್ಪ ಕಾಕಾ ಸಮಾಜಸೇವೆಯೆಂದು ಗುಜರಿ ದರದಲ್ಲಿ ಕೊಂಡರು. ಶಾಖೆಯ ಫ್ಯಾನುಗಳನ್ನು ನೇತುಹಾಕಲು ಜಾಗವಿಲ್ಲದ್ದರಿಂದ ಅಲ್ಲಿಯ ವೇದಿಕೆಯ ಮೇಲೆ ಸಾಲಾಗಿ ಇಡಲಾಗಿದೆ.

ಜಗದೇವಿಯ ಅತ್ತೆಮನೆಯಲ್ಲಿ ಛತ್ತಿನ ಮಾತು ಯಾರೂ ಆಡುವುದಿಲ್ಲ. ಎರಡೂ ಊರಿನ ಲಗ್ನಪತ್ರಿಕೆಗಳ ಕೆಳಗೆ ಈಗ ಒಂದೇ ಸಾಲು ಅಚ್ಚಾಗುತ್ತದೆ: "ಉಡುಗೊರೆ ಬೇಡ, ದಯವಿಟ್ಟು ಕೊಡೆ ತನ್ನಿ."