ಗಿಡ್ಡ ಸ್ಕೀ ಕೊಂಡ ಎಲ್ವಿನ್

ಎಲ್ವಿನ್ ಥೇಯರ್ ಮಾಡಿದ ತಪ್ಪು ಇಷ್ಟೇ: ಅಂಗಡಿಯವನ ಪ್ರಶ್ನೆಗೆ "ಹೂಂ" ಅಂದುಬಿಟ್ಟ.

ಅವನಿಗೆ ಬೇಕಾಗಿದ್ದದ್ದು ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಒಂದು ಜೊತೆ ಹೊಸ ಸ್ಕೀ. ಹಳೆಯವು ಅಪ್ಪನ ಕಾಲದವು, ಆಳಿಗಿಂತ ಒಂದು ಮೊಳ ಉದ್ದ. ಹೆಗಲ ಮೇಲೆ ಹೊತ್ತು ನಡೆದರೆ ಏಣಿ ಕದ್ದು ಹೊರಟವನ ಹಾಗೆ ಕಾಣುತ್ತಿದ್ದ. ಮಂಡಿನೋವು ಬೇರೆ. ಶನಿವಾರ ಬೆಳಿಗ್ಗೆ ಹಾಲಿಸ್‌ನ ಅಂಗಡಿಗೆ ಹೋಗಿ, "ಹಗುರವಾಗಿರೋದು ಕೊಡಪ್ಪ. ಗಿಡ್ಡಕಿರ್ಲಿ. ಹೇಳಿದ ತಕ್ಷಣ ತಿರುಗ್ಬೇಕು," ಅಂದ.

ಸ್ಕೀಗೆ ಮೇಣ ಉಜ್ಜುತ್ತಿದ್ದ ಹಾಲಿಸ್ ಕೈ ನಿಲ್ಲಿಸಿದ. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಮರಗಳ ಮಧ್ಯೆ ಆಡೋದಕ್ಕಾ?"

ನಮ್ಮ ಟಕರ್ಸ್ ನಾಚ್ ಊರಿನಲ್ಲಿ ಈ ಪ್ರಶ್ನೆಗೆ ಬಹಳ ತೂಕ. ವರ್ಮಾಂಟಿನ ಬೆಟ್ಟಗಳ ಬಯಲು ಇಳಿಜಾರೆಲ್ಲ ಹೊರಗಿನಿಂದ ಬರುವವರಿಗೆ. ಕಾಡಿನೊಳಗೆ, ಮರಗಳ ಸಂದಿಯಲ್ಲಿ, ಯಾರೂ ತುಳಿಯದ ಹಿಮ ಬಿದ್ದಿರುವ ಜಾಗಗಳು ಮಾತ್ರ ನಮ್ಮವು. ಅಂಥ ಜಾಗ ಸಿಕ್ಕವನು ಅದನ್ನು ಹೆಂಡತಿಗೆ ಹೇಳುವುದಿಲ್ಲ, ಸಾಯುವಾಗ ಪಾದ್ರಿ ಕೇಳಿದರೂ ಬಾಯಿ ಬಿಡುವುದಿಲ್ಲ. ಆದರೆ ಉದ್ದ ಸ್ಕೀ ಮರಗಳ ನಡುವೆ ತಿರುಗುವುದಿಲ್ಲವಲ್ಲ. ಹಾಗಾಗಿ ಯಾರಾದರೂ ಗಿಡ್ಡ ಸ್ಕೀ ಕೇಳಿದರೆ ಸಾಕು, ಇವನಿಗೆ ಎಲ್ಲೋ ಒಂದು ಜಾಗ ಸಿಕ್ಕಿದೆ ಎಂದು ಊರು ತೀರ್ಮಾನ ಮಾಡಿಬಿಡುತ್ತದೆ.

ಎಲ್ವಿನ್‌ಗೆ ಯಾವ ಜಾಗವೂ ಸಿಕ್ಕಿರಲಿಲ್ಲ. ಆದರೆ ಹೆಂಡತಿ ಆಲ್ಮಾ ತೀರಿಕೊಂಡು ಮೂರು ಚಳಿಗಾಲ ಕಳೆದಿತ್ತು, ಅಷ್ಟರಲ್ಲಿ ಯಾರೂ ಅವನನ್ನು ಹೀಗೆ ಕಣ್ಣರಳಿಸಿ ಏನನ್ನೂ ಕೇಳಿರಲಿಲ್ಲ. ಬೆಳಿಗ್ಗೆ ರೇಡಿಯೋದವನು ಶುಭೋದಯ ಹೇಳಿದರೆ ಇವನು "ನಿಮಗೂ" ಅನ್ನುವ ಮಟ್ಟಕ್ಕೆ ಬಂದಿದ್ದ. ಹಾಲಿಸ್‌ನ ಮುಖದ ಕುತೂಹಲ ಅವನಿಗೆ ಉರಿಯುವ ಒಲೆಯ ಹಾಗೆ ಹಿತವೆನಿಸಿತು.

"ಹೂಂ," ಅಂದ.

ಮುಂದಿನ ಅರ್ಧ ಗಂಟೆ ಹಾಲಿಸ್ ಅವನಿಗೆ ಮದುವೆ ಗಂಡಿನ ಉಪಚಾರ ಮಾಡಿದ. ಒಂದೊಂದೇ ಸ್ಕೀಯನ್ನು ಪಕ್ಕಕ್ಕೆ ನಿಲ್ಲಿಸಿ ಅಳೆದ. "ಗಲ್ಲದವರೆಗೆ ಬಂದ್ರೆ ಸಾಕು, ನೆತ್ತಿ ದಾಟಿದ್ರೆ ಕೊಂಬೆಗೆ ಸಿಕ್ಕೊಳ್ತೀಯ. ನಡು ತೀರ ಅಗಲ ಇರಬಾರ್ದು, ಆ ಪಕ್ಕದಿಂದ ಈ ಪಕ್ಕಕ್ಕೆ ಹೊರಳೋಕೆ ಸೋಮಾರಿತನ ಮಾಡುತ್ತೆ. ಮೂತಿ ಮೇಲಕ್ಕೆ ಬಾಗಿದೆ ನೋಡು, ಹಿಮದ ಮೇಲೆ ತೇಲುತ್ತೆ. ಒಳಗೆ ಹಗುರ ಮರ. ಅಂದಹಾಗೆ, ನಿನ್ನ ಕಾಡಲ್ಲಿ ಇರೋದು ಬರ್ಚೋ ಮೇಪಲ್ಲೋ?"

"ಎರಡೂ," ಅಂದ ಎಲ್ವಿನ್.

"ಒತ್ತೊತ್ತಾಗಿವೆಯಾ?"

"ಕೆಲವು ಕಡೆ."

"ಕಳ್ಳ!" ಹಾಲಿಸ್ ಪ್ರೀತಿಯಿಂದ ಅವನ ಬೆನ್ನಿಗೆ ಗುದ್ದಿದ. "ಒಬ್ಬನೇ ಮಾತ್ರ ಹೋಗ್ಬೇಡ ಮಾರಾಯ. ಮರದ ಬುಡದಲ್ಲಿ ಹಿಮ ಟೊಳ್ಳಾಗಿರುತ್ತೆ, ತಲೆಕೆಳಗಾಗಿ ಬಿದ್ರೆ ಕೈಹಿಡಿದು ಎಳೆಯೋರು ಬೇಕು. ಯಾರಿದ್ದಾರೆ ಜೊತೆಗೆ?"

"ಯಾರೂ ಇಲ್ಲ," ಅಂದ ಎಲ್ವಿನ್. ಆ ದಿನ ಅವನಾಡಿದ ಮೊದಲ ನಿಜ ಅದು.

"ಅಯ್ಯೋ, ಯಾಕಿಲ್ಲ?" ಕೈಗವಸುಗಳ ಕಪಾಟಿನ ಹಿಂದಿನಿಂದ ಒಂದು ದನಿ ಬಂತು. ಅಂಚೆ ಕಚೇರಿಯ ವರ್ನಾ. ಮೂರು ವರ್ಷದಿಂದ ಎಲ್ವಿನ್‌ನ ಕಾಗದಗಳನ್ನು ಕಿಂಡಿಯಲ್ಲಿ ತಳ್ಳುತ್ತಿದ್ದಳೇ ಹೊರತು ತಲೆ ಎತ್ತಿ ನೋಡಿದವಳಲ್ಲ. "ನಾನಿಲ್ವಾ? ಇವತ್ತೇ ಹೋಗೋಣ."

ಹಾಲಿಸ್ ಅಂಗಡಿಯ ಬಾಗಿಲಿಗೆ 'ಮುಚ್ಚಿದೆ' ಫಲಕ ತೂಗುಹಾಕಿದ.

ಎಲ್ವಿನ್ ಬೂಟು ತರಲು ಮನೆಗೆ ಬಂದರೆ, ಅಡುಗೆಮನೆಯ ತೊಟ್ಟಿಯ ಕೆಳಗಿಂದ ಎರಡು ಕಾಲು ಚಾಚಿದ್ದವು. ನಲ್ಲಿ ರಿಪೇರಿಯ ಲೂಸಿಯೆನ್! ನವೆಂಬರಿನಿಂದ "ನಾಳೆ ಬರ್ತೀನಿ" ಅನ್ನುತ್ತಿದ್ದವನು ಇವತ್ತು ಕರೆಯದೆ ಬಂದು ಸೋರುವ ನಲ್ಲಿ ಸರಿಮಾಡುತ್ತಿದ್ದ.

"ಎಲ್ವಿನ್, ನಾವಿಬ್ಬರೂ ಒಂದೇ ಬೆಂಚಲ್ಲಿ ಕೂತು ಓದಿದವ್ರು. ನೆನಪಿದೆಯಾ?"

"ನೀನು ಓದಿದ್ದು ಕೆನಡಾದಲ್ಲಲ್ವಾ?"

"ಬೆಂಚು ಬೆಂಚೇ ಕಣಯ್ಯಾ," ಎಂದ ಲೂಸಿಯೆನ್. ಅವನ ಸ್ಕೀಗಳು ಆಗಲೇ ಬಾಗಿಲಿಗೆ ಒರಗಿ ನಿಂತಿದ್ದವು.

ನಿಜ ಹೇಳಿಬಿಡೋಣ ಎಂದು ಎಲ್ವಿನ್ ಬಾಯಿ ತೆರೆದ. ತೆರೆದ ಬಾಯಿಂದ ಬಂದದ್ದೇ ಬೇರೆ. "ವಾಪಸ್ ಬಂದ್ಮೇಲೆ ಎಲ್ರೂ ನಮ್ಮನೇಲೇ ಊಟ ಮಾಡಿ. ಬೀನ್ಸ್ ಕಾಳು ಬೇಯಕ್ಕಿಡ್ತೀನಿ."

"ಆಲ್ಮಾ ಮಾಡ್ತಿದ್ಲಲ್ಲ, ಮೇಪಲ್ ಪಾಕ ಹಾಕಿ, ಹಾಗಾ?"

"ಹಾಗೇ."

"ಬರದೇ ಇರ್ತೀವಾ!"

ಬೀನ್ಸ್ ಮಡಕೆಯನ್ನು ಒಲೆಯೊಳಗಿಟ್ಟು, ಮೇಜಿನ ಮೇಲೆ ನಾಲ್ಕು ತಟ್ಟೆ ಜೋಡಿಸಿ ಎಲ್ವಿನ್ ಹೊರಟ. ತಟ್ಟೆಗಳ ಧೂಳು ಒರೆಸುವಾಗ ಅವನು ಶಿಳ್ಳೆ ಹಾಕುತ್ತಿದ್ದನಂತೆ. ಲೂಸಿಯೆನ್ ಹೇಳಿದ್ದು.

ಕಾಡಿನ ಅಂಚಿನಲ್ಲಿ ಅವನು ನಿಂತ. ಯಾವ ಕಡೆ ಹೋಗುವುದು? ಹಿಂದೆ ಮೂವರು ಉಸಿರು ಬಿಗಿಹಿಡಿದು ನಿಂತಿದ್ದರು. ಎಡಕ್ಕೆ ಹೊರಟ.

ಆ ಸ್ಕೀಗಳೋ, ಹಾಲಿಸ್ ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚು. ಎಲ್ವಿನ್ ತಿರುಗಬೇಕು ಎಂದುಕೊಳ್ಳುವ ಮುಂಚೆಯೇ ತಿರುಗಿಬಿಡುತ್ತಿದ್ದವು. ಒಂದು ಪೈನ್ ಮರ ತಪ್ಪಿಸಿದ, ಇನ್ನೊಂದನ್ನು ತಬ್ಬಿಕೊಂಡ, ಮೂರನೆಯದರ ಕೊಂಬೆ ಅವನ ಟೊಪ್ಪಿಯನ್ನು ಕಿತ್ತಿಟ್ಟುಕೊಂಡಿತು. "ಏನು ಚಾಲಾಕಿ! ದಾರಿ ಗೊತ್ತಾಗ್ದೇ ಇರ್ಲಿ ಅಂತ ಸುತ್ತಿಸ್ತಿದ್ದಾನೆ," ಎಂದು ವರ್ನಾ ಪಿಸುಗುಟ್ಟಿದಳು.

ಆಮೇಲೆ ಒಂದು ದಿಣ್ಣೆಯ ತುದಿಯಲ್ಲಿ ಎಲ್ವಿನ್ ಜಾರಿದ. ಹಿಟ್ಟಿನ ಮೂಟೆಯ ಹಾಗೆ ಉರುಳಿ, ಕಣ್ಣಿನ ಹಿಮ ಒರೆಸಿಕೊಂಡು ನೋಡುತ್ತಾನೆ, ಬೆಳ್ಳನೆಯ ಬರ್ಚ್ ಮರಗಳು. ಎರಡೆರಡು ಮಾರು ಅಂತರ. ನಡುವೆ ಮಂಡಿಯುದ್ದ ಹಿಮ, ಒಂದು ಮೊಲದ ಹೆಜ್ಜೆ ಕೂಡ ಇಲ್ಲ. ಇಳಿಜಾರು ತೊರೆಯವರೆಗೂ ಹಾಗೇ ಹೋಗಿತ್ತು.

ಮೇಲೆ ನಿಂತ ಮೂವರೂ ಟೊಪ್ಪಿ ತೆಗೆದರು.

ಎರಡು ಗಂಟೆ ಹೊತ್ತು ಅವರು ಮಕ್ಕಳಾದರು. ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಲೂಸಿಯೆನ್ ಫ್ರೆಂಚಿನಲ್ಲಿ ಹಾಡಿದ. ವರ್ನಾ ಟೊಳ್ಳಿಗೆ ಬಿದ್ದಾಗ ಎಲ್ವಿನ್ ಎಳೆದು ಎತ್ತಿದ, ಅವಳು ನಗು ತಡೆಯಲಾರದೆ ಅವನ ತೋಳು ಹಿಡಿದೇ ನಿಂತಳು. ಮೂರು ಚಳಿಗಾಲದ ಮಾತುಗಳನ್ನೆಲ್ಲ ಎಲ್ವಿನ್ ಆ ಎರಡು ಗಂಟೆಯಲ್ಲಿ ಆಡಿ ಮುಗಿಸಿದ.

"ಸರಿ, ಬನ್ನಿ," ಅಂದ ಕೊನೆಗೆ. "ಬೀನ್ಸ್ ಬೆಂದಿರುತ್ತೆ."

ಮೂವರೂ ಮುಖ ಮುಖ ನೋಡಿಕೊಂಡರು.

"ಎಲ್ವಿನ್," ಹಾಲಿಸ್ ಮೆಲ್ಲಗೆ ಹೇಳಿದ, "ಜಾಗ ಇಷ್ಟು ಚೆನ್ನಾಗಿಲ್ದೇ ಇದ್ದಿದ್ರೆ ಖಂಡಿತ ಬರ್ತಿದ್ವಿ."

"ಅಂದ್ರೆ?"

"ನಾವು ನಾಲ್ಕೂ ಜನ ಒಂದೇ ಮೇಜಲ್ಲಿ ಕೂತ್ರೆ, ಕೆನ್ನೆ ಬೇರೆ ಕೆಂಪಗಿದೆ, ಬೀನ್ಸ್ ಆರೋದ್ರೊಳಗೆ ಊರಿಗೇ ಗೊತ್ತಾಗುತ್ತೆ," ಅಂದಳು ವರ್ನಾ. "ಇವತ್ತಿಂದ ನಾನು ನಿನ್ನ ಮುಖ ನೋಡಲ್ಲ. ಬೇಜಾರು ಮಾಡ್ಕೋಬೇಡಪ್ಪ."

"ಮೊದ್ಲೂ ನೋಡ್ತಿರ್ಲಿಲ್ವಲ್ಲ."

"ಹಾಗಾದ್ರೆ ಇನ್ನೂ ಒಳ್ಳೇದಾಯ್ತು, ಯಾರಿಗೂ ಅನುಮಾನ ಬರಲ್ಲ!"

ಪೈನ್ ಕೊಂಬೆಯಿಂದ ಹೆಜ್ಜೆ ಗುರುತು ಗುಡಿಸುತ್ತ, ಹತ್ತು ಹತ್ತು ನಿಮಿಷ ಬಿಟ್ಟು, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೊರಟರು. "ನೀನು ಕೊನೇಲಿ ಬಾ," ಅಂದ ಲೂಸಿಯೆನ್. "ಒಬ್ಬನೇ ಮನೆಗೆ ಹೋಗಿ ನಿನಗೆ ಅಭ್ಯಾಸ ಇದೆ."

ಎಲ್ವಿನ್ ತನ್ನ ಗೇಟು ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಗೇಟಿನ ಬಳಿ ಒಬ್ಬ ಹೆಂಗಸು ನಿಂತಿದ್ದಳು. ಈ ವರ್ಷ ಊರಿನ ಗ್ರಂಥಾಲಯಕ್ಕೆ ಹೊಸದಾಗಿ ಬಂದ ತಿಯೋಡೋರಾ ಪೆಕ್. ಕೈಯಲ್ಲಿ ಸೇಬು ತುಂಬಿ ಬೇಯಿಸಿದ, ಇನ್ನೂ ಬಿಸಿ ಆರದ ಪೈ.

"ಥೇಯರ್ ಅವ್ರೇ, ತಪ್ಪು ತಿಳ್ಕೋಬೇಡಿ. ನಾನೂ ಒಬ್ಬಳೇ ಇರೋದು. ಕಾಡಲ್ಲಿ ಒಬ್ಬರೇ ಹೋಗಬಾರ್ದಂತೆ, ಜೊತೆಗೆ ಕರ್ಕೊಂಡು ಹೋಗೋರು ಈ ಊರಲ್ಲಿ ಯಾರೂ ಸಿಗಲಿಲ್ಲ. ನಿಮಗೆ ಮರಗಳ ನಡುವೆ ಒಂದು ಜಾಗ ಸಿಕ್ಕಿದೆ ಅಂತ ಕೇಳಿದೆ. ನಿಜಾನಾ?"

ಅವಳು ಪೈಯಿಂದ ಬಟ್ಟೆ ಸರಿಸಿದಳು. ದಾಲ್ಚಿನ್ನಿಯ ಘಮ ಎಲ್ವಿನ್‌ನ ಮೂಗಿನವರೆಗೂ ಬಂತು. ಒಳಗೆ ನಾಲ್ಕು ತಟ್ಟೆ ಕಾಯುತ್ತಿದ್ದವು. ಅವನು "ಹೂಂ" ಅನ್ನಲು ಹೊರಟ.

ಬೀದಿಯಾಚೆ ಹಾಲಿಸ್, ವರ್ನಾ, ಲೂಸಿಯೆನ್ ಮೂವರ ಮನೆಗಳಲ್ಲಿ ಮೂರು ಪರದೆಗಳು ಬೆರಳಷ್ಟು ಸರಿದವು.

"ಇಲ್ಲಮ್ಮ," ಅಂದ ಎಲ್ವಿನ್. "ಜಾಗಾನೂ ಇಲ್ಲ ಏನೂ ಇಲ್ಲ. ಮಂಡಿನೋವು ಅಂತ ಹಗುರವಾಗಿರೋದು ತಗೊಂಡೆ, ಅಷ್ಟೇ."

"ಓ," ಎಂದಳು ಅವಳು. ಪೈಗೆ ಮತ್ತೆ ಬಟ್ಟೆ ಹೊದಿಸಿ, ತಲೆ ತಗ್ಗಿಸಿಕೊಂಡು ಹಿಮದಲ್ಲಿ ನಡೆದು ಹೋದಳು. ಅವಳು ತಿರುವಿನಲ್ಲಿ ಮರೆಯಾದ ಮೇಲೆ, ಮೂರೂ ಪರದೆಗಳು ಒಟ್ಟಿಗೆ ಮುಚ್ಚಿಕೊಂಡವು.